ಗರ್ಭಪಾತದ ನೋವು ಮತ್ತು ಸ್ಥಿತಿಕರಣದ ಹೊಣೆ

ಅಹಿಂಸೆಯ ವಿಷಯದಲ್ಲಿ ಜೈನ ಸಮಾಜದಲ್ಲಿ ನಡೆಯುವಷ್ಟು ಸೂಕ್ಷ್ಮವಾದ ಚಿಂತನೆ ಬೇರೆಡೆ ವಿರಳ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು, ಕಂದಮೂಲಗಳನ್ನು ವರ್ಜಿಸುವುದು, ಇವೆಲ್ಲ ಮನೆಯ ಮಕ್ಕಳಿಗೂ ತಿಳಿದ ಆಚಾರಗಳು. ಏಕೇಂದ್ರಿಯ ಜೀವಿಯ ನೋವನ್ನೂ ಲೆಕ್ಕಕ್ಕೆ ಹಿಡಿಯುವ ಈ ಧರ್ಮದ ಮನೆಯೊಂದರಲ್ಲಿ, ಗರ್ಭ ತೆಗೆಸಿಕೊಂಡು ಆಸ್ಪತ್ರೆಯಿಂದ ಮರಳಿದ ಸೊಸೆಯ ನೋವು ಯಾರ ಲೆಕ್ಕಕ್ಕೆ ಸೇರುತ್ತದೆ? ಸೂತಕದ ದಿನಗಳನ್ನು ಹಿರಿಯರು ಎಣಿಸುತ್ತಾರೆ. ಆಸ್ಪತ್ರೆಯ ಖರ್ಚನ್ನು ಗಂಡ ಬರೆದಿಡುತ್ತಾನೆ. "ಆದದ್ದಾಯಿತು, ಯಾರ ಮುಂದೆಯೂ ಬಾಯಿ ಬಿಡಬೇಡ ಮಗಳೇ" ಎಂದು ಅತ್ತೆ ಬುದ್ಧಿ ಹೇಳುತ್ತಾರೆ. ಅಲ್ಲಿಗೆ ಮನೆಯ ಮಟ್ಟಿಗೆ ವಿಷಯ ಮುಗಿಯುತ್ತದೆ. ಆ ಸ್ತ್ರೀಯ ಮಟ್ಟಿಗೆ ಅದು ಅಲ್ಲಿಂದಲೇ ಆರಂಭವಾಗುತ್ತದೆ.

ಗರ್ಭಪಾತವು ಹಿಂಸೆಯೇ ಅಲ್ಲವೇ ಎಂಬ ಪ್ರಶ್ನೆಯನ್ನು ಪ್ರವಚನಗಳಲ್ಲಿ ಅನೇಕ ಬಾರಿ ಎತ್ತಲಾಗಿದೆ. ಅದರ ನಂತರ ಬರುವ ಪ್ರಶ್ನೆಯನ್ನು ಎತ್ತುವವರು ಕಡಿಮೆ. ಯಾವ ಕಾರಣದಿಂದಲೇ ಆಗಲಿ, ಗರ್ಭವನ್ನು ಕೊನೆಗೊಳಿಸಿಕೊಂಡ ಅಥವಾ ಕೊನೆಗೊಳಿಸಬೇಕಾಗಿ ಬಂದ ಸ್ತ್ರೀಯ ವಿಷಯದಲ್ಲಿ ಅವಳ ಮನೆಯವರಿಗೂ ಸಹಧರ್ಮಿಗಳಿಗೂ ಇರುವ ಕರ್ತವ್ಯವೇನು? ಈ ಎರಡನೆಯ ಪ್ರಶ್ನೆಯನ್ನು ಶಾಸ್ತ್ರದ ಬೆಳಕಿನಲ್ಲಿಯೂ ಇಂದಿನ ವಸ್ತುಸ್ಥಿತಿಯ ಬೆಳಕಿನಲ್ಲಿಯೂ ಪರಿಶೀಲಿಸುವುದು ಅಗತ್ಯವಾಗಿದೆ.

ಶಾಸ್ತ್ರದ ನಿಲುವು

ಜನ್ಮವು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರು ಬಗೆಯೆಂದು ಜೈನಸಿದ್ಧಾಂತ ಹೇಳುತ್ತದೆ. ಮನುಷ್ಯನದು ಗರ್ಭಜನ್ಮ. ಜೀವವು ಹಿಂದಿನ ಶರೀರವನ್ನು ಬಿಟ್ಟು ಅತ್ಯಲ್ಪ ಕಾಲದಲ್ಲಿಯೇ ಹೊಸ ಜನ್ಮಸ್ಥಾನವನ್ನು ಸೇರುತ್ತದೆ ಎಂಬ ಸಿದ್ಧಾಂತವಿರುವುದರಿಂದ, ಗರ್ಭದಲ್ಲಿರುವುದು ಜೀವವೇ ಹೊರತು ಕೇವಲ ಮಾಂಸಪಿಂಡವಲ್ಲ. ಸಂಕಲ್ಪಪೂರ್ವಕವಾದ ತ್ರಸಜೀವಹಿಂಸೆಯನ್ನು ಬಿಡುವುದು ಗೃಹಸ್ಥನ ಮೊದಲ ಅಣುವ್ರತ. ಆದುದರಿಂದ ಗರ್ಭಪಾತವನ್ನು ಹಗುರವಾಗಿ ಕಾಣಲು ಶಾಸ್ತ್ರದಲ್ಲಿ ಅವಕಾಶವಿಲ್ಲ. ಈ ಮಾತನ್ನು ಮರೆಮಾಚುವುದರಿಂದ ಯಾರಿಗೂ ಹಿತವಾಗದು.

ಆದರೆ ಅದೇ ಶಾಸ್ತ್ರವು ಹಿಂಸೆಯನ್ನು ಅಳೆಯುವ ಕ್ರಮವನ್ನೂ ತಿಳಿಸಿದೆ. ಪ್ರಾಣಹಾನಿಯೊಂದೇ ಹಿಂಸೆಯ ಅಳತೆಗೋಲಲ್ಲ. ಪ್ರಮಾದ ಮತ್ತು ಕಷಾಯಗಳಿಂದ ಕೂಡಿದ ಭಾವವೇ ಅದರ ಮೂಲವೆಂದು ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವು ಸ್ಪಷ್ಟಪಡಿಸುತ್ತದೆ. ದ್ರವ್ಯಹಿಂಸೆ, ಭಾವಹಿಂಸೆ ಎಂಬ ವಿಭಾಗ ಹುಟ್ಟಿರುವುದು ಇಲ್ಲಿಂದಲೇ. ಹೊಲ ಉಳುವಾಗ ಅಸಂಖ್ಯ ಜೀವಿಗಳನ್ನು ಕೊಲ್ಲುವ ಕೃಷಿಕನಿಗಿಂತ, ಬಲೆ ಬೀಸಿ ಒಂದು ಮೀನೂ ಸಿಗದೆ ಮರಳಿದ ಬೆಸ್ತನಿಗೆ ಪಾಪ ಹೆಚ್ಚೆಂಬ ಪ್ರಸಿದ್ಧ ದೃಷ್ಟಾಂತವೂ ಇದನ್ನೇ ಹೇಳುತ್ತದೆ.

ಇನ್ನೂ ಒಂದು ಲೆಕ್ಕವಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನ, ವಚನ, ಕಾಯ ಎಂಬ ಮೂರರಿಂದಲೂ, ಕೃತ, ಕಾರಿತ, ಅನುಮೋದನೆ ಎಂಬ ಮೂರರಿಂದಲೂ, ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳನ್ನು ಎಣಿಸುವಾಗ ಸ್ಮರಿಸಬೇಕಾದುದು ಈ 108 ಆಸ್ರವದ್ವಾರಗಳನ್ನು ಎಂದು ಹಿರಿಯರು ಹೇಳುತ್ತಾರೆ. ಇಲ್ಲಿ ಗಮನಿಸಬೇಕಾದುದು ಕೃತ, ಕಾರಿತ, ಅನುಮೋದನೆ ಎಂಬ ತ್ರಿಕವನ್ನು. ತಾನು ಮಾಡಿದವನಷ್ಟೇ ಅಲ್ಲ, ಮಾಡಿಸಿದವನೂ ಒಪ್ಪಿ ತಲೆಯಾಡಿಸಿದವನೂ ಕರ್ಮಬಂಧಕ್ಕೆ ಪಾತ್ರರು. ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಿಚಾರವನ್ನು ಮತ್ತಷ್ಟು ಬಿಡಿಸಿ, ಹಿಂಸೆಯನ್ನು ಒಬ್ಬರು ಮಾಡಿದರೂ ಅದರ ಫಲವನ್ನು ಹಲವರು ಉಣ್ಣಬೇಕಾಗುವ ಸಂದರ್ಭಗಳಿವೆಯೆಂದೂ, ಹಲವರು ಮಾಡಿದರೂ ಫಲಭಾಗಿ ಒಬ್ಬನೇ ಆಗುವ ಸಂದರ್ಭಗಳಿವೆಯೆಂದೂ ವಿವರಿಸಿದ್ದಾರೆ.

ಈ ಮಾನದಂಡವನ್ನು ಮನೆಯೊಳಗೆ ತಂದು ನೋಡಿದರೆ ಒಂದು ಸತ್ಯ ಕಣ್ಣಿಗೆ ಬೀಳುತ್ತದೆ. ಗರ್ಭಪಾತವು ನಡೆಯುವುದು ಸ್ತ್ರೀಯ ಶರೀರದಲ್ಲಿ. ಆದರೆ ಅದರ ನಿರ್ಧಾರ ಎಷ್ಟೋ ಸಲ ನಡುಮನೆಯಲ್ಲಿ, ಅವಳ ಅನುಪಸ್ಥಿತಿಯಲ್ಲಿ ಆಗಿರುತ್ತದೆ. ಆಮೇಲೆ ಪಾಪವೆಂಬ ಮಾತು ಬಂದಾಗ ಎಲ್ಲರೂ ನೋಡುವುದು ಅವಳ ಮುಖವನ್ನೇ. ಕಾರಿತ ಮತ್ತು ಅನುಮೋದನೆಗಳ ಪಾಲು ಯಾರದೆಂದು ಕೇಳುವವರಿರುವುದಿಲ್ಲ.

ಕಾರಣಗಳು ಒಂದೇ ಬಗೆಯವಲ್ಲ

ಅನೇಕಾಂತವೆಂದರೆ ಎಲ್ಲವೂ ಸರಿಯೆನ್ನುವ ಜಾಣತನವಲ್ಲ. ವಸ್ತುವನ್ನು ಅದರ ಎಲ್ಲ ಪಾರ್ಶ್ವಗಳಿಂದಲೂ ನೋಡದೆ ತೀರ್ಪು ನೀಡಬಾರದೆಂಬ ಶಿಸ್ತು ಅದು. ಗರ್ಭಪಾತವೆಂಬ ಒಂದೇ ಶಬ್ದದ ಹಿಂದೆ ಹಲವು ಬಗೆಯ ಜೀವನಸ್ಥಿತಿಗಳಿವೆ.

ಗರ್ಭವು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ನಿಂತಿದ್ದರೆ ಆ ಶಿಶು ಬೆಳೆದು ಹುಟ್ಟುವ ಸಂಭವವೇ ಇಲ್ಲ. ನಾಳವು ಒಡೆದು ಒಳಗೆ ರಕ್ತಸ್ರಾವವಾದರೆ ತಾಯಿಯೂ ಉಳಿಯುವುದು ಕಷ್ಟ. ಅಲ್ಲಿ ಚಿಕಿತ್ಸೆ ಮಾಡುವ ವೈದ್ಯೆಯ ಭಾವವು ಪ್ರಾಣರಕ್ಷಣೆಯ ಭಾವ. ಹದಿನೆಂಟು ಇಪ್ಪತ್ತು ವಾರಗಳ ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ತಲೆಬುರುಡೆ ಬೆಳೆದೇ ಇಲ್ಲವೆಂದೋ, ಹುಟ್ಟಿದರೂ ಬದುಕುವುದಿಲ್ಲವೆಂದೋ ತಿಳಿಯುವುದು ಇನ್ನೊಂದು ಬಗೆ. ಆ ದಂಪತಿಗಳು ಆ ಮಗುವನ್ನು ಬಯಸಿದ್ದರು, ಹೆಸರನ್ನೂ ಆಲೋಚಿಸಿದ್ದರೇನೋ. ಎರಡು ಮಕ್ಕಳಾದ ಮೇಲೆ ಗರ್ಭನಿರೋಧಕ ಸಾಧನ ವಿಫಲವಾಗಿ, ದುರ್ಬಲವಾದ ದೇಹದಿಂದ ಮತ್ತೊಂದು ಹೆರಿಗೆಯನ್ನು ತಾಳಲಾರೆನೆಂದು ಅಂಜುವವಳ ಸ್ಥಿತಿ ಬೇರೆ. ಬಲಾತ್ಕಾರಕ್ಕೆ ಗುರಿಯಾದ ಹುಡುಗಿಯ ಸ್ಥಿತಿ ಬೇರೆ. ಮದುವೆಯ ಮಾತು ಕೊಟ್ಟವನು ಕೈಬಿಟ್ಟುದರಿಂದ ತಂದೆತಾಯಿಗಳ ಮುಂದೆ ನಿಲ್ಲಲೂ ಹೆದರುವವಳ ಸ್ಥಿತಿ ಬೇರೆ. ಇನ್ನು, ಗರ್ಭದಲ್ಲಿರುವುದು ಹೆಣ್ಣೆಂದು ತಿಳಿದು ತೆಗೆಸುವುದು ಇವೆಲ್ಲವುಗಳಿಗಿಂತ ಭಿನ್ನವಾದ, ಲೋಭ ಮಾನಗಳಿಂದ ಹುಟ್ಟಿದ ಕೃತ್ಯ. ಅದನ್ನು ಮುಂದೆ ಪ್ರತ್ಯೇಕವಾಗಿ ವಿಚಾರಿಸಬೇಕು.

ಶ್ರಾವಕನಾದವನು ಈ ಭೇದಗಳನ್ನು ಅರಿಯದೆ ಎಲ್ಲರಿಗೂ ಒಂದೇ ಹೆಸರನ್ನಿಟ್ಟರೆ ಅದು ಏಕಾಂತದ ದೋಷವೇ ಆಗುತ್ತದೆ.

ಸ್ತ್ರೀಯ ಅಂತರಂಗ

ಇಷ್ಟವಾದುದನ್ನು ಕಳೆದುಕೊಂಡಾಗ ಅದನ್ನೇ ಮತ್ತೆ ಮತ್ತೆ ನೆನೆದು ಕೊರಗುವುದನ್ನು ಇಷ್ಟವಿಯೋಗಜನ್ಯವಾದ ಆರ್ತಧ್ಯಾನವೆಂದು ಶಾಸ್ತ್ರ ಹೆಸರಿಸಿದೆ. ಅದು ಗೃಹಸ್ಥರಿಗೆ ಸಹಜವೆಂದೂ, ಅದರಿಂದ ಪಾರಾಗಲು ನೆರವು ಬೇಕೆಂದೂ ಆಚಾರ್ಯರು ಬಲ್ಲರು. ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ಬರುವ ಪ್ರಸಂಗವೊಂದು ಇಲ್ಲಿ ಮನನೀಯ. ಗರ್ಭಸ್ಥನಾದ ವರ್ಧಮಾನನು ತನ್ನ ಚಲನೆಯಿಂದ ತಾಯಿಗೆ ನೋವಾದೀತೆಂದು ಅಲುಗಾಡದೆ ನಿಂತನಂತೆ. ತ್ರಿಶಲಾದೇವಿಯು ಗರ್ಭ ನಷ್ಟವಾಯಿತೆಂದು ಭಾವಿಸಿ ದುಃಖಕ್ಕೀಡಾದಳು. ಅರಮನೆಯ ಗೀತವಾದ್ಯಗಳೂ ನಿಂತವು. ತಾಯಿಯ ಶೋಕವನ್ನರಿತ ಶಿಶು ಮೆಲ್ಲಗೆ ಅಲುಗಿತು. ತಂದೆತಾಯಿಗಳು ಜೀವಿಸಿರುವವರೆಗೆ ದೀಕ್ಷೆ ಕೊಳ್ಳೆನೆಂದು ಅಲ್ಲಿಯೇ ನಿಶ್ಚಯಿಸಿತು. ದಿಗಂಬರ ಪರಂಪರೆಯಲ್ಲಿ ಈ ಪ್ರಸಂಗ ಇಲ್ಲದಿದ್ದರೂ ಅದು ಸಾರುವ ಭಾವ ಎಲ್ಲರಿಗೂ ಸಲ್ಲುವಂಥದು. ಕಾಣದ, ಕೇಳದ, ಇನ್ನೂ ಹೆಸರಿಡದ ಶಿಶುವಿಗಾಗಿ ತಾಯಿ ಪಡುವ ಶೋಕವನ್ನು ಅರಮನೆಯೇ ಗೌರವಿಸಿತು. ಅರಮನೆಯಲ್ಲಿ ವಾದ್ಯ ನಿಂತಿತು. ಇಂದಿನ ಮನೆಗಳಲ್ಲಿ ಮರುದಿನವೇ ಸೊಸೆ ಒಲೆಯ ಮುಂದೆ ನಿಂತಿರುತ್ತಾಳೆ.

ಈ ವ್ಯತ್ಯಾಸ ಬಾಣಂತನದ ವಿಷಯದಲ್ಲಿ ಎದ್ದು ಕಾಣುತ್ತದೆ. ಹೆರಿಗೆಯಾದವಳಿಗೆ ಎಣ್ಣೆ ನೀರಿನ ಸ್ನಾನ, ಬಿಸಿಯಾದ ಪಥ್ಯದ ಊಟ, ತವರಿನ ವಿಶ್ರಾಂತಿ, ಬಂದು ನೋಡಿ ಹೋಗುವ ಬಂಧುಗಳು, ಇವೆಲ್ಲ ಇವೆ. ಇಪ್ಪತ್ತನೆಯ ವಾರದಲ್ಲಿ ಗರ್ಭವನ್ನು ಕಳೆದುಕೊಂಡವಳ ದೇಹಕ್ಕೂ ಪ್ರಸವವೇದನೆ ಆಗಿರುತ್ತದೆ, ರಕ್ತ ಹೋಗಿರುತ್ತದೆ. ಕೆಲವು ದಿನಗಳಲ್ಲಿ ಎದೆಯಲ್ಲಿ ಹಾಲೂ ತುಂಬಿಕೊಳ್ಳಬಹುದು. ಕುಡಿಯುವ ಮಗುವಿಲ್ಲದೆ ಹಾಲು ಬಂದ ಆ ರಾತ್ರಿ ಅವಳ ಪಕ್ಕದಲ್ಲಿ ಕೂರುವವರು ಯಾರು? ಇದು ಹೀಗಾಗಬಹುದೆಂದು ಅವಳಿಗೆ ಮುಂಚಿತವಾಗಿ ಹೇಳಿದವರೂ ಇರುವುದಿಲ್ಲ. ದೇಹಕ್ಕೆ ಬಾಣಂತನ ಬೇಕಾಗಿದೆ. ಮನೆಯು ಮಗುವಿಲ್ಲದ ಬಾಣಂತಿಯನ್ನು ಗುರುತಿಸುವುದಿಲ್ಲ.

ಎಲ್ಲರ ಅನುಭವವೂ ದುಃಖವೇ ಆಗಿರಬೇಕೆಂದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಪ್ರಾಣಭಯದಿಂದ ಪಾರಾದವಳಿಗೆ, ಬಲಾತ್ಕಾರದ ಬಸಿರಿನಿಂದ ಬಿಡುಗಡೆ ಹೊಂದಿದವಳಿಗೆ ಮೊದಲು ತೋರುವ ಭಾವ ನಿರಾಳತೆ. ಕೆಲವರಲ್ಲಿ ನಿರಾಳತೆಯೂ ದುಃಖವೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಇರುತ್ತವೆ. ಅಳು ಬರಲಿಲ್ಲವೆಂಬುದಕ್ಕೇ ಅಳುವವರಿದ್ದಾರೆ. ಅಮೆರಿಕದಲ್ಲಿ ಡಯಾನಾ ಗ್ರೀನ್ ಫಾಸ್ಟರ್ ಎಂಬ ವಿದುಷಿಯ ನೇತೃತ್ವದಲ್ಲಿ ನಡೆದ ಅಧ್ಯಯನವೊಂದರಲ್ಲಿ, 2008ರಿಂದ 2010ರವರೆಗೆ 30 ಚಿಕಿತ್ಸಾಲಯಗಳಿಗೆ ಬಂದಿದ್ದ ಸುಮಾರು 1000 ಸ್ತ್ರೀಯರನ್ನು ಐದು ವರ್ಷಗಳ ಕಾಲ ಮತ್ತೆ ಮತ್ತೆ ಮಾತನಾಡಿಸಲಾಯಿತು. ಗರ್ಭಪಾತ ಮಾಡಿಸಿಕೊಂಡವರಲ್ಲಿ ಹೆಚ್ಚು ಸಾಮಾನ್ಯವಾಗಿ ಕಂಡ ಭಾವ ನಿರಾಳತೆಯೇ ಆಗಿತ್ತು. ದುಃಖ, ಅಪರಾಧಭಾವಗಳು ಇದ್ದವರಲ್ಲಿಯೂ ಅವು ಕಾಲಕ್ರಮದಲ್ಲಿ ಇಳಿದವು. ಆ ದೇಶದ ಬಾಳುವೆ ಬೇರೆ, ಇಲ್ಲಿಯದು ಬೇರೆ. ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಅದರ ಒಂದು ಫಲಿತಾಂಶ ಎಲ್ಲ ಸಮಾಜಗಳಿಗೂ ಎಚ್ಚರಿಕೆಯಾಗಿದೆ. ತಿಳಿದರೆ ಸುತ್ತಲಿನವರು ಕೀಳಾಗಿ ಕಂಡಾರೆಂಬ ಅಂಜಿಕೆ ಯಾರಲ್ಲಿ ಹೆಚ್ಚಾಗಿತ್ತೋ ಅವರಲ್ಲಿ ನೋವಿನ ಭಾವಗಳೂ ಹೆಚ್ಚಾಗಿದ್ದವು. ಅಂದರೆ ಆಕೆಯ ನೋವಿನಲ್ಲಿ ಒಂದು ಪಾಲು ನೆರೆಹೊರೆಯವರ ನಾಲಗೆಯದು. ಕ್ರಿಯೆಯ ಹಿಂಸೆಯನ್ನು ವಿಚಾರಿಸುವ ಶ್ರಾವಕನು ವಚನದ ಹಿಂಸೆಯನ್ನು ಬಿಟ್ಟುಬಿಡುವಂತಿಲ್ಲ.

ಚಿಕಿತ್ಸೆ ಮತ್ತು ಕಾನೂನು

1860ರ ಭಾರತೀಯ ದಂಡಸಂಹಿತೆಯು ಗರ್ಭಪಾತವನ್ನು ಅಪರಾಧವೆಂದು ಎಣಿಸಿ, ತಾನೇ ಮಾಡಿಕೊಂಡ ಸ್ತ್ರೀಯನ್ನೂ ಶಿಕ್ಷೆಗೆ ಗುರಿಮಾಡಿತ್ತು. ತಾಯಿಯ ಪ್ರಾಣರಕ್ಷಣೆಯೊಂದೇ ಅದಕ್ಕಿದ್ದ ಅಪವಾದ. ಅದರಿಂದ ಗರ್ಭಪಾತಗಳು ನಿಲ್ಲಲಿಲ್ಲ, ಗುಟ್ಟಾಗಿ ನಡೆದವು. ಕಡ್ಡಿ, ಬೇರು, ಕಷಾಯಗಳ ಪ್ರಯೋಗದಿಂದ ನಂಜೇರಿ ತಾಯಂದಿರು ಸತ್ತರು. ಈ ಸಾವುಗಳನ್ನು ತಡೆಯುವ ಉದ್ದೇಶದಿಂದ 1964ರಲ್ಲಿ ಶಾಂತಿಲಾಲ್ ಶಾಹ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, 1966ರಲ್ಲಿ ವರದಿ ನೀಡಿತು. ಅದರ ಫಲವಾಗಿ 1971ರಲ್ಲಿ ವೈದ್ಯಕೀಯ ಗರ್ಭಸಮಾಪ್ತಿ ಅಧಿನಿಯಮವು ರೂಪುಗೊಂಡು 1972ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಸ್ತ್ರೀಯ ಶರೀರದ ಆರೋಗ್ಯದೊಂದಿಗೆ ಅವಳ ಮನಸ್ಸಿನ ಆರೋಗ್ಯವನ್ನೂ ಆ ಅಧಿನಿಯಮವು ಅಂದೇ ಲೆಕ್ಕಕ್ಕೆ ತೆಗೆದುಕೊಂಡಿತೆಂಬುದು ಗಮನಾರ್ಹ.

2021ರ ತಿದ್ದುಪಡಿಯ ನಂತರ, ಕಾನೂನು ಹೇಳಿದ ಕಾರಣಗಳಿದ್ದರೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಬಲಾತ್ಕಾರಕ್ಕೊಳಗಾದವರು, ಅಪ್ರಾಪ್ತ ವಯಸ್ಕರು ಮೊದಲಾದ ಕೆಲವು ವರ್ಗದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಅವಕಾಶವಿದೆ. ಶಿಶುವಿಗೆ ಗಂಭೀರವಾದ ವೈಕಲ್ಯವಿದ್ದರೆ 24 ವಾರಗಳ ನಂತರವೂ ವೈದ್ಯಮಂಡಳಿಯು ವಿಚಾರಿಸಬಹುದು. ತಾಯಿಯ ಪ್ರಾಣ ಉಳಿಸಲು ಕೂಡಲೇ ಅಗತ್ಯವಾದಾಗ ವಾರಗಳ ಮಿತಿಯೇ ಇಲ್ಲ. 18 ವರ್ಷ ತುಂಬಿದ ಸ್ತ್ರೀಯ ವಿಷಯದಲ್ಲಿ ಅವಳ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿಯನ್ನಾಗಲಿ ಅತ್ತೆಮಾವಂದಿರ ಒಪ್ಪಿಗೆಯನ್ನಾಗಲಿ ಕಾನೂನು ಕೇಳುವುದಿಲ್ಲ. ಅವಳ ಒಪ್ಪಿಗೆಯಿಲ್ಲದೆ ಮಾಡಿಸಿದರೆ ಅದು ಘೋರ ಅಪರಾಧ. ಚಿಕಿತ್ಸೆ ಪಡೆದವಳ ಹೆಸರನ್ನು ವೈದ್ಯರು ಅನಧಿಕೃತರಿಗೆ ತಿಳಿಸಿದರೆ ಅವರಿಗೂ ಶಿಕ್ಷೆಯಿದೆ. ಅವಿವಾಹಿತೆಯರಿಗೂ ಈ ಕಾನೂನಿನ ಪ್ರಯೋಜನ ದೊರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು.

ಕಾನೂನಿದ್ದರೂ ಸುರಕ್ಷಿತ ಚಿಕಿತ್ಸೆಯ ಬಾಗಿಲು ಎಲ್ಲರಿಗೂ ತೆರೆದಿಲ್ಲ. 2015ನೆಯ ವರ್ಷದ ಬಗ್ಗೆ ತಜ್ಞರು ಮಾಡಿದ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳು ನಡೆದವು. ಅವುಗಳಲ್ಲಿ ಆಸ್ಪತ್ರೆ, ಚಿಕಿತ್ಸಾಲಯಗಳಲ್ಲಿ ನಡೆದವು ಶೇಕಡಾ 22 ಮಾತ್ರ. ಶೇಕಡಾ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆಗಳಿಂದ ಆದವು. ಮಾತ್ರೆಗಳು ಸರಿಯಾದ ಸಮಯದಲ್ಲಿ, ಸರಿಯಾದ ಪ್ರಮಾಣದಲ್ಲಿ, ವೈದ್ಯರ ಸಲಹೆಯಂತೆ ಬಳಸಿದಾಗ ಸುರಕ್ಷಿತವೇ. ಆದರೆ ಗಂಡನು ಅಂಗಡಿಯಿಂದ ತಂದುಕೊಟ್ಟದ್ದನ್ನು ವಾರಗಳ ಲೆಕ್ಕವಿಲ್ಲದೆ ನುಂಗಿದಾಗ, ಗರ್ಭವು ಅಂಡನಾಳದಲ್ಲಿರುವುದು ತಿಳಿಯದೆ ಉಳಿದಾಗ ಅಪಾಯ ಕಟ್ಟಿಟ್ಟದ್ದು. ಒಂದು ಗಂಟೆಗೆ ಎರಡು ದಪ್ಪ ಬಟ್ಟೆಗಳು ತೊಯ್ಯುವಂತೆ ಸತತ ಎರಡು ಗಂಟೆ ರಕ್ತ ಹೋದರೆ, ಜ್ವರ ಇಳಿಯದಿದ್ದರೆ, ತಲೆಸುತ್ತಿ ಬಿದ್ದರೆ, ಹೊಟ್ಟೆಯ ಒಂದು ಪಕ್ಕದಲ್ಲಿ ತಾಳಲಾರದ ನೋವು ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗುಟ್ಟು ಬಯಲಾಗುವುದೆಂಬ ಭಯದಿಂದ ಮನೆಯವರು ಕಳೆಯುವ ಒಂದು ರಾತ್ರಿಯೇ ಪ್ರಾಣಾಂತಕವಾಗಬಹುದು.

ತತ್ತ್ವದ ಹೆಸರಿನಲ್ಲಿಯೂ ಪ್ರಾಣ ಹೋಗುವುದುಂಟು. ಬೆಳಗಾವಿಯ ಮಗಳಾದ ದಂತವೈದ್ಯೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲೆಸಿದ್ದರು. 2012ರ ಅಕ್ಟೋಬರ್‌ನಲ್ಲಿ, 17 ವಾರಗಳ ಗರ್ಭವು ಉಳಿಯುವುದಿಲ್ಲವೆಂದು ವೈದ್ಯರೇ ತಿಳಿಸಿದ ಮೇಲೆ ಅವರು ಗರ್ಭಸಮಾಪ್ತಿಯನ್ನು ಕೇಳಿಕೊಂಡರು. ಶಿಶುವಿನ ಹೃದಯಬಡಿತ ಇನ್ನೂ ಇದೆಯೆಂಬ ಕಾರಣದಿಂದ ಅದು ದೊರೆಯಲಿಲ್ಲ. ರಕ್ತಕ್ಕೆ ನಂಜೇರಿ ಅಕ್ಟೋಬರ್ 28ರಂದು, ತಮ್ಮ 31ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸೋಂಕಿನ ಲಕ್ಷಣಗಳನ್ನು ಸಕಾಲದಲ್ಲಿ ಗುರುತಿಸುವುದರಲ್ಲಿಯೂ ಲೋಪವಾಗಿತ್ತೆಂದು ನಂತರದ ತನಿಖೆಗಳು ಹೇಳಿದವು. ಆ ಸಾವು ಐರ್ಲೆಂಡಿನ ಮನಸ್ಸಾಕ್ಷಿಯನ್ನು ಕಲಕಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇಕಡಾ 66.4ರಷ್ಟು ಮತದಾರರು ಸಂವಿಧಾನದ ನಿಷೇಧವನ್ನು ತೆಗೆಯಲು ಒಪ್ಪಿದರು. ಉಳಿಯಲಾರದ ಜೀವವನ್ನು ಕಾಯುವ ನಿಯಮವು ಉಳಿಯಬಹುದಾಗಿದ್ದ ಜೀವವನ್ನೂ ಕಳೆದುಕೊಂಡಾಗ, ಅಲ್ಲಿ ಅಹಿಂಸೆ ನಡೆಯಿತೆಂದು ಯಾರು ಹೇಳಬಲ್ಲರು?

ಹೆಣ್ಣುಮಗುವಿನ ಪ್ರಶ್ನೆ

ಜೈನ ಸಮಾಜವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕಾದ ಸ್ಥಳ ಇದು. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಜೈನ ಮಕ್ಕಳಲ್ಲಿ 1000 ಗಂಡುಮಕ್ಕಳಿಗೆ 870 ಹೆಣ್ಣುಮಕ್ಕಳಷ್ಟೇ ಇದ್ದರು. ಆಗ ದೇಶದ ಸರಾಸರಿ 927. 2011ರಲ್ಲಿ ಜೈನರ ಅಂಕಿ 889ಕ್ಕೆ ಏರಿತಾದರೂ ದೇಶದ ಸರಾಸರಿಗಿಂತ ಕೆಳಗೇ ಉಳಿಯಿತು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ, ವಿದ್ಯೆಯಲ್ಲಿಯೂ ಸಂಪತ್ತಿನಲ್ಲಿಯೂ ಮುಂದಿರುವ ಸಮಾಜದ ಅಂಕಿಗಳಿವು. ಕೀಟವನ್ನು ಕಾಪಾಡುವ ಮನೆಗಳಲ್ಲಿ ಹೆಣ್ಣುಮಕ್ಕಳು ಎಲ್ಲಿ ಹೋದರು?

ಗರ್ಭಸ್ಥ ಶಿಶುವಿನ ಲಿಂಗವನ್ನು ಪತ್ತೆಹಚ್ಚುವುದನ್ನು ನಿಷೇಧಿಸಿದ ಕಾನೂನು 1994ರಲ್ಲಿ ರಚನೆಯಾಗಿ 1996ರಿಂದ ಜಾರಿಯಲ್ಲಿದೆ. ಆದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಗುಟ್ಟಾಗಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಪೊಲೀಸರ ತನಿಖೆಯಿಂದ ಹೊರಬಿತ್ತು. ಅಂಥ ಸ್ಥಳಕ್ಕೆ ಬಸುರಿಯಾದ ಸೊಸೆ ತಾನೇ ದಾರಿ ಹುಡುಕಿಕೊಂಡು ಹೋಗುವುದು ಅಪರೂಪ. ಹಣ ಹೊಂದಿಸುವವರು ಒಬ್ಬರು, ಕರೆದೊಯ್ಯುವವರು ಒಬ್ಬರು, "ವಂಶಕ್ಕೊಂದು ಗಂಡು ಬೇಡವೇ?" ಎಂದು ದಿನವೂ ಕೇಳಿ ದಾರಿ ತೋರಿದವರು ಇನ್ನೊಬ್ಬರು. ಕೃತ, ಕಾರಿತ, ಅನುಮೋದನೆಗಳು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಸಿಗವು. ಮಗಳನ್ನು ಕಳೆದುಕೊಂಡ ತಾಯಿಯೇ ಮುಂದೆ ಪಾಪಭೀತಿಯಿಂದ ಉಪವಾಸಗಳನ್ನು ಕೈಗೊಳ್ಳುತ್ತಾಳೆ; ಮಾಡಿಸಿದವರು ಅವಳ ಪಾರಣೆಗೆ ಬಂದು ಉಂಡು ಹೋಗುತ್ತಾರೆ.

ಲಿಂಗಪತ್ತೆಯನ್ನು ಕಠಿಣವಾಗಿ ವಿರೋಧಿಸುವುದಕ್ಕೂ, ಸಂಕಟದಲ್ಲಿರುವ ಸ್ತ್ರೀಗೆ ಸುರಕ್ಷಿತ ಚಿಕಿತ್ಸೆ ದೊರೆಯಬೇಕೆನ್ನುವುದಕ್ಕೂ ವಿರೋಧವಿಲ್ಲ. ಎರಡರ ಮೂಲವೂ ಹೆಣ್ಣುಜೀವದ ಮೇಲಿನ ಗೌರವವೇ.

ಸಮ್ಯಗ್ದರ್ಶನದ ಅಂಗಗಳು

ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಬಾಯಿಪಾಠ ಹೇಳುವವರು ಬಹಳ. ಅವುಗಳಲ್ಲಿ ನಾಲ್ಕು ಈ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತವೆ.

ನಿರ್ವಿಚಿಕಿತ್ಸೆಗೆ ಉದ್ದಾಯನ ಮಹಾರಾಜನು ನಿದರ್ಶನ. ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನು ತನ್ನ ಮೇಲೆಯೇ ವಮನ ಮಾಡಿದರೂ ಅರಸನು ಅಸಹ್ಯಪಡದೆ ತನ್ನ ಕೈಯಿಂದಲೇ ಶುಚಿಗೊಳಿಸಿದನು. ರಕ್ತಸ್ರಾವದಿಂದ ಬಳಲುವ ಸೊಸೆಯ ಬಟ್ಟೆಯನ್ನು ಒಗೆಯಲು, ಅವಳ ಕೋಣೆಗೆ ಗಂಜಿ ಒಯ್ಯಲು ಹಿಂಜರಿಯುವ ಮನೆಯಲ್ಲಿ ಈ ಕಥೆಯನ್ನು ಓದಿ ಫಲವೇನು?

ಉಪಗೂಹನಕ್ಕೆ ಜಿನೇಂದ್ರಭಕ್ತ ಶ್ರೇಷ್ಠಿಯು ನಿದರ್ಶನ. ಬ್ರಹ್ಮಚಾರಿಯ ವೇಷದಲ್ಲಿ ಬಂದು ಚೈತ್ಯಾಲಯದ ರತ್ನವನ್ನು ಕದ್ದವನು ಸಿಕ್ಕಿಬಿದ್ದಾಗ, ತಾನೇ ತರಲು ಹೇಳಿದ್ದೆನೆಂದು ಎಲ್ಲರೆದುರು ನುಡಿದು, ಆಮೇಲೆ ಏಕಾಂತದಲ್ಲಿ ಅವನನ್ನು ತಿದ್ದಿದನು. ಕಳ್ಳನ ಮಾನವನ್ನೂ ಕಾಯಬಲ್ಲ ಧರ್ಮವು ನೊಂದ ಸ್ತ್ರೀಯ ಗುಟ್ಟನ್ನು ಕಾಯಲಾರದೇ? ಅಭಿಷೇಕದ ಸಾಲಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಪಿಸುಮಾತಾಗಿ ಹರಿಯುವ ಇಂಥ ಸುದ್ದಿಯನ್ನು ತನ್ನಲ್ಲಿಯೇ ನಿಲ್ಲಿಸಿಕೊಳ್ಳುವವನೇ ಉಪಗೂಹನವನ್ನು ಪಾಲಿಸಿದವನು.

ಸ್ಥಿತಿಕರಣಕ್ಕೆ ವಾರಿಷೇಣ ಮುನಿಗಳು ನಿದರ್ಶನ. ದೀಕ್ಷೆ ಪಡೆದು ಹನ್ನೆರಡು ವರ್ಷಗಳಾದರೂ ಮಡದಿಯನ್ನು ಮರೆಯಲಾರದೆ ಮನೆಯತ್ತ ಹೊರಟ ಪುಷ್ಪದಾಳನನ್ನು ಅವರು ಸಂಘದ ಮುಂದೆ ನಿಲ್ಲಿಸಿ ನಾಚಿಸಲಿಲ್ಲ. ಜೊತೆಯಲ್ಲಿ ನಡೆದುಹೋಗಿ, ತನ್ನ ಅರಮನೆಯ ವೈಭವವನ್ನೇ ತೋರಿಸಿ, ಅವನ ಮನಸ್ಸು ತಾನಾಗಿ ನೆಲೆಗೊಳ್ಳುವಂತೆ ಮಾಡಿದರು. ಜೊತೆಯಲ್ಲಿ ನಡೆಯುವುದೇ ಸ್ಥಿತಿಕರಣದ ತಿರುಳು. ದುಃಖದಿಂದಲೋ ಪಾಪಭೀತಿಯಿಂದಲೋ ನೆಲೆ ತಪ್ಪಿದವಳನ್ನು ಮತ್ತೆ ಧರ್ಮದಲ್ಲಿ ನಿಲ್ಲಿಸಬೇಕಾದರೆ ಮೊದಲು ಅವಳ ಪಕ್ಕದಲ್ಲಿ ನಿಲ್ಲಬೇಕು.

ನಾಲ್ಕನೆಯದು ವಾತ್ಸಲ್ಯ. ಹಸುವಿಗೆ ಕರುವಿನ ಮೇಲಿರುವಂಥ ಪ್ರೀತಿಯನ್ನು ಸಹಧರ್ಮಿಗಳಲ್ಲಿ ಇಡಬೇಕೆಂಬ ಈ ಅಂಗಕ್ಕೆ ವ್ಯಾಖ್ಯಾನ ಬೇಕಿಲ್ಲ.

ಮಾಡಬಹುದಾದುದು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಿಗೆ ಕರ್ನಾಟಕದ ಬಸದಿಗಳು ಶತಮಾನಗಳಿಂದ ಹೆಸರಾಗಿವೆ. ಇವುಗಳಲ್ಲಿ ಎರಡನ್ನು ಆಡಳಿತ ಮಂಡಳಿಗಳು ಈ ದಿಕ್ಕಿಗೂ ಹರಿಸಬಹುದು. ಬಡ ಸಹಧರ್ಮಿಣಿಯರ ಚಿಕಿತ್ಸೆಗೆ, ಕಾರಣವನ್ನು ಬಹಿರಂಗವಾಗಿ ಕೇಳದೆ ನೆರವಾಗುವ ನಿಧಿಯೊಂದಿದ್ದರೆ ಅದು ಔಷಧದಾನ. ಬಸದಿಗೆ ಬಂದವಳನ್ನು ಯಾರೂ ಪ್ರಶ್ನಿಸುವುದಿಲ್ಲವೆಂಬ ಭರವಸೆ ಇದ್ದರೆ ಅದೇ ಅಭಯದಾನ. ಮಹಿಳಾ ಸಮಾಜಗಳು ವರ್ಷಕ್ಕೊಮ್ಮೆಯಾದರೂ ಪ್ರಸೂತಿತಜ್ಞೆಯೊಬ್ಬರನ್ನು ಕರೆಸಿ, ಗರ್ಭನಿರೋಧ, ಸುರಕ್ಷಿತ ಚಿಕಿತ್ಸೆ, ಅಪಾಯದ ಲಕ್ಷಣಗಳು, ಕಾನೂನಿನ ರಕ್ಷಣೆ ಇವುಗಳನ್ನು ಸೊಸೆಯಂದಿರಿಗೆ ಮಾತ್ರವಲ್ಲ, ಅತ್ತೆಯಂದಿರಿಗೂ ತಿಳಿಸಬೇಕು. ಬೇಡದ ಬಸಿರನ್ನು ಮೊದಲೇ ತಡೆಯುವ ವಿವೇಕವೇ ಗರ್ಭಪಾತವನ್ನು ಕಡಿಮೆಮಾಡುವ ಅತ್ಯಂತ ಅಹಿಂಸಕವಾದ ಮಾರ್ಗ. ಅದರ ಹೊಣೆ ಪುರುಷನ ಮೇಲೆಯೂ ಇದೆ.

ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಬದುಕೇ ಬೇಡವೆನ್ನಿಸುವುದು, ಇವು ವಾರಗಟ್ಟಲೆ ಉಳಿದರೆ ಅದನ್ನು ಹಟವೆಂದು ಬಗೆಯದೆ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಉಚಿತವಾಗಿ ಮಾತನಾಡಬಹುದು. ಧರ್ಮದ ಮಾರ್ಗದಲ್ಲಿ ಸಾಂತ್ವನ ಬಯಸುವವಳಿಗೆ ಆಲೋಚನೆ, ಪ್ರತಿಕ್ರಮಣಗಳಿವೆ. ಆಲೋಚನೆಯೆಂದರೆ ಗುರುಗಳ ಮುಂದೆ ತಾನಾಗಿ ಮನಸ್ಸು ತೆರೆಯುವುದು. ಅದು ಅವಳ ಇಚ್ಛೆಯಿಂದ, ಏಕಾಂತದಲ್ಲಿ ಆಗಬೇಕಾದುದು. ಇನ್ನೊಬ್ಬರು ಹೇರುವ ಉಪವಾಸ ಪ್ರಾಯಶ್ಚಿತ್ತವಲ್ಲ, ದಂಡನೆ. ರಕ್ತಹೀನತೆಯಿಂದ ಬಳಲುವವಳ ಮೇಲೆ ಅದನ್ನು ಹೇರುವುದು ಮತ್ತೊಂದು ಹಿಂಸೆ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಬರುತ್ತದೆ. ಶ್ವೇತಾಂಬರ ಬಂಧುಗಳಿಗೆ ಸಂವತ್ಸರಿ. ಊರವರೆಲ್ಲರ ಮನೆಗೆ ಹೋಗಿ, ದೂರದವರಿಗೆ ಪತ್ರ ಬರೆದು, ಅರಿತೋ ಅರಿಯದೆಯೋ ಆದ ತಪ್ಪುಗಳಿಗೆ ಕ್ಷಮೆ ಬೇಡುವುದು ಪದ್ಧತಿ. ಒಂದೇ ಸೂರಿನಡಿ ಇರುವ ಸೊಸೆಯ ಮುಂದೆ ಕೈಮುಗಿದು "ಆಗ ನಿನ್ನ ಕಷ್ಟವನ್ನು ನಾವು ಕೇಳಲಿಲ್ಲ ತಾಯಿ, ಕ್ಷಮಿಸು" ಎಂದು ಹೇಳಿದ ಅತ್ತೆಮಾವಂದಿರು ಎಷ್ಟು ಮಂದಿ? ಅವಳಿಂದ ಕ್ಷಮೆ ಬೇಡಬೇಕಾದ ಗಂಡಂದಿರು ಎಷ್ಟು ಮಂದಿ? ಈ ವರ್ಷದ ಕ್ಷಮಾವಾಣಿಯಂದು ಆ ಮಾತನ್ನು ಮೊದಲು ಮನೆಯೊಳಗೆ ಆಡಿ, ಆಮೇಲೆ ಹೊಸ್ತಿಲು ದಾಟುವುದು ಶ್ರಾವಕರಿಗೆ ಶೋಭೆ ತರುವ ಕಾರ್ಯ.